ರಾಯಕೋಟೆ ಬಸ್ಸಿಗೆ ಹಾಕಿಕೊಟ್ಟ ಹಾಡು

ಹಾಡು ಮಾಡುವ ಹುಡುಗರು ಈಗಲೂ ಒಬ್ಬೊಬ್ಬರು ಹೊಸೂರು ಪಕ್ಕದ ಆಲಸನತ್ತಂನ ನಮ್ಮ ಮನೆಗೆ ಬರುತ್ತಾರೆ. ಫೋನಿನಲ್ಲಿ ತಮ್ಮ ಹಾಡು ಕೇಳಿಸಿ, "ಹೆಂಗೈತೆ ಮಾಮಾ?" ಅನ್ನುತ್ತಾರೆ. ಚೆನ್ನಾಗಿದೆ ಅಂದರೆ ಅವರಿಗೆ ಸಾಲದು, ಚೆನ್ನಾಗಿಲ್ಲ ಅಂದರೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ಹಾಡು ಮಾಡುವುದು ನನಗೆ ಗೊತ್ತಿಲ್ಲ. ನನ್ನ ಕೆಲಸ ಶುರುವಾಗುತ್ತಿದ್ದುದೇ ಹಾಡು ಮುಗಿದ ಮೇಲೆ. ಅದನ್ನು ಬಸ್ಸಿಗೆ, ಮದುವೆ ಮನೆಗೆ, ಟೀ ಅಂಗಡಿಗೆ ತಲುಪಿಸಿ ಜನರ ಕಿವಿಗೆ ಹಾಕುವುದು.

ಹೊಸೂರು ಬಸ್ ಸ್ಟ್ಯಾಂಡಿನ ಪಕ್ಕದ ಸಂದಿಯಲ್ಲಿ ನನ್ನ ಅಂಗಡಿ ಇತ್ತು. ಇಬ್ಬರು ಒಳಗೆ ನಿಂತರೆ ಮೂರನೆಯವನು ರಸ್ತೆಯಲ್ಲೇ ನಿಲ್ಲಬೇಕು. ಮೊದಲು ಕ್ಯಾಸೆಟ್ ತುಂಬಿಕೊಡುತ್ತಿದ್ದೆ, ಆಮೇಲೆ ಸಿಡಿ, ಆಮೇಲೆ ಮೆಮೊರಿ ಕಾರ್ಡು, ಕಡೆಗೆ ಪೆನ್ ಡ್ರೈವ್. ಪೆನ್ ಡ್ರೈವ್ ಕಾಲದಲ್ಲೂ ನಾನು ಜನರ ಬಾಯಲ್ಲಿ ಕ್ಯಾಸೆಟ್ ನಾರಾಯಣಪ್ಪನೇ. ಆ ಕೆಲಸ ಕಾನೂನಿಗೆ ಒಪ್ಪುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಆಗ ಯಾರೂ ಕೇಳಲಿಲ್ಲ, ಈಗ ಆ ಜಾಗದಲ್ಲಿ ಕಬ್ಬಿನ ಹಾಲು ಮಾರುತ್ತಾರೆ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ಅಂಗಡಿ ಮೊದಲು ಅವರದ್ದೇ. ಬಿಳಿ ಜುಬ್ಬಾ, ಕಿವಿಯಲ್ಲಿ ಅತ್ತರಿನ ಹತ್ತಿ, ಬಾಯಲ್ಲಿ ಸದಾ ಬೈಗುಳ. ಎರಡು ಹಾಡು ಒತ್ತಾಗಿ ತುಂಬಿದರೆ ಕ್ಯಾಸೆಟ್ಟನ್ನು ನನ್ನ ಮುಖದ ಮೇಲೇ ಎಸೆಯುತ್ತಿದ್ದರು. "ಒಂದು ಹಾಡು ಎದ್ದು ಹೋಗೋಕೆ ಮುಂಚೆ ಇನ್ನೊಂದನ್ನ ತಂದು ಅದೇ ಕುರ್ಚೀಲಿ ಕೂರಿಸ್ತೀಯಲ್ಲೋ! ಮಧ್ಯೆ ಸ್ವಲ್ಪ ಜಾಗ ಬಿಡಯ್ಯಾ," ಎನ್ನುತ್ತಿದ್ದರು. ಬೈದ ಮೇಲೆ ಅವರೇ ಬಿರಿಯಾನಿ ತರಿಸುತ್ತಿದ್ದರು. ಅವರ ಬೈಗುಳಕ್ಕಿಂತ ಆ ಬಿರಿಯಾನಿಗೆ ಹೆದರಿ ನಾನು ಕೆಲಸ ಕಲಿತೆ ಎಂದರೂ ತಪ್ಪಿಲ್ಲ. ತಿಂದ ಮೇಲೆ ತಪ್ಪು ಮಾಡುವುದು ಕಷ್ಟ.

ಸಾಹೇಬರು ಮಗಳ ಮನೆಗೆ ಕೃಷ್ಣಗಿರಿಗೆ ಹೋದ ಮೇಲೆ ಅಂಗಡಿ ನನ್ನ ಕೈಗೆ ಬಂತು. ಒಂದು ಸಲ ಇಬ್ಬರು ಮುನಿಯಪ್ಪಂದಿರು ಒಂದೇ ದಿನ ಕ್ಯಾಸೆಟ್ ಮಾಡಿಸಿದರು. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ತಾತನ ತಿಥಿ. ಮದುವೆ ಮುನಿಯಪ್ಪ ಅವಸರದಲ್ಲಿ ಮೇಜಿನ ಮೇಲಿದ್ದ ಮತ್ತೊಂದನ್ನು ಎತ್ತಿಕೊಂಡು ಹೋದ. ಹೆಣ್ಣು ಗಂಡು ಹಸೆಮಣೆ ಮೇಲೆ ಕೂತಾಗ ಮೈಕಿನಲ್ಲಿ ಎದೆ ಬಡಿದುಕೊಂಡು ಅಳುವ ತಮಿಳು ಸಾವಿನ ಹಾಡು, ಒಪ್ಪಾರಿ, ಶುರುವಾಯಿತಂತೆ. ತಿಥಿ ಮನೆಯವರು ಮಾತ್ರ ನನ್ನನ್ನು ಬೈಯಲಿಲ್ಲ. ಅವರ ತಾತನಿಗೆ ಮದುವೆ ಹಾಡೆಂದರೆ ಪ್ರಾಣವಂತೆ, ಎಲ್ಲರೂ ಕೂತು ಪೂರ್ತಿ ಕೇಳಿದರಂತೆ.

ಈ ಕೆಲಸದಲ್ಲಿ ನಿಜವಾದ ವಿದ್ಯೆ ಇದ್ದದ್ದು ಬಸ್ಸಿನ ಹಾಡುಗಳಲ್ಲಿ. ಇವತ್ತಿನ ಹುಡುಗರಿಗೆ ಹಾಡು ರಿಲೀಸ್ ಎಂದರೆ ಫೋನು. ನಮ್ಮ ಸೀಮೆಯಲ್ಲಿ ಹಾಡು ಗೆದ್ದಿತೋ ಸೋತಿತೋ ಎಂದು ತೀರ್ಮಾನ ಮಾಡುತ್ತಿದ್ದವರು ಪ್ರೈವೇಟ್ ಬಸ್ಸಿನ ಡ್ರೈವರುಗಳು. ರಾಯಕೋಟೆ ರೂಟಿಗೆ ಬರೀ ತಮಿಳು ಹಾಕಿದರೆ ಹಿಂದಿನ ಸೀಟಿನಲ್ಲಿ ಗೊಣಗಾಟ. ಬರೀ ಕನ್ನಡ ಹಾಕಿದರೆ ಮುಂದಿನ ಸೀಟಿನಲ್ಲಿ. ತೆಲುಗು ಮರೆತರೆ ಕಂಡಕ್ಟರನೇ ಮುಖ ತಿರುಗಿಸುತ್ತಿದ್ದ. ಬೆಳಗಿನ ಶಿಫ್ಟಿನ ಹುಡುಗಿಯರು ನಿದ್ದೆಗಣ್ಣಲ್ಲಿ ಹತ್ತುತ್ತಾರೆ, ಅವರಿಗೆ ಡೋಲು ಬೇಡ. ನಿಲ್ದಾಣಗಳು ಒತ್ತೊತ್ತಾಗಿರುವ ಕಡೆ ಕುಣಿಯುವ ಹಾಡು ಹಾಕಬೇಕು, ಯಾರೂ ಪೂರ್ತಿ ಕೇಳುವುದಿಲ್ಲ. ರಸ್ತೆ ನೇರವಾಗಿ ಬಸ್ಸು ಒಂದೇ ಸಮ ಓಡುವ ಕಡೆ ನಿಧಾನದ ಹಾಡು ಕೂರುತ್ತದೆ. ಇದೆಲ್ಲವನ್ನೂ ನಾನು ಅದೇ ಬಸ್ಸುಗಳಲ್ಲಿ ಹೋಗಿ ಬಂದು, ಕಿಟಕಿ ಪಕ್ಕ ಕೂತು ಕಲಿತೆ. ಹೆಂಡತಿ ಮಾತ್ರ ನಾನು ಊರು ಸುತ್ತುತ್ತಿದ್ದೇನೆಂದೇ ಕೊನೆವರೆಗೂ ನಂಬಿದ್ದಳು.

ಎಲ್ಲ ಡ್ರೈವರುಗಳಿಗೂ ಒಂದು ನಿಯಮವಿತ್ತು. ಬೆಳಿಗ್ಗೆ ಬಸ್ಸು ಎತ್ತುವಾಗ ಮೊದಲು ಕೇಳಬೇಕಾದದ್ದು ದೇವರ ಹಾಡು. ಅದು ಮುಗಿಯುವವರೆಗೆ ಬೇರೆ ಮಾತಿಲ್ಲ. ಆ ನಿಯಮ ಮುರಿದದ್ದರಿಂದ ಆದ ಒಂದು ಪ್ರಸಂಗ ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ.

ಮತ್ತಿಗಿರಿಯ ಸೆಲ್ವ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ. ಅವನ ಹೆಂಡತಿ ಭಾಗ್ಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ರಾಯಕೋಟೆ ಹತ್ತಿರದ ಬೇಸಾಯದ ಮನೆಯ ಹುಡುಗಿ. ಒಂದು ಭಾನುವಾರ ಇಬ್ಬರೂ ಅಂಗಡಿಗೆ ಬಂದು ಒಂದು ಹಾಡು ಕೇಳಿಸಿದರು. ಮಾತು ಅವಳದು, ರಾಗ ಅವನದು. ತಬಲಾ ಇಲ್ಲ, ಡೋಲು ಇಲ್ಲ. ಒಂದು ಪಿಯಾನೋ, ಒಂದು ಗಿಟಾರು, ನಡುವೆ ಅವಳ ದನಿ.

ಸಂಜೆಗೆ ಬಂದೇನು ಅಂದೆ, ಸಂಜೆಗೆ ಬರಲಿಲ್ಲ ನಾನು,
ನಿಂತೇ ಇದ್ದೆಯಂತೆ ನೀನು, ಕೈ ಸೋತರೂ ಬಾಗಿಲಲ್ಲಿ.

ನನಗೆ ಹಾಡು ಹಿಡಿಸಿತು. "ಯಾರ್ಗಮ್ಮ ಇದು, ಸೆಲ್ವಂಗಾ?" ಎಂದು ರೇಗಿಸಿದೆ. ಅವಳು ನಗಲಿಲ್ಲ.

"ನಮ್ಮಕ್ಕಂಗೆ ಕಣಣ್ಣ," ಅಂದಳು.

ಅಕ್ಕನ ಹೆಸರು ಲಕ್ಷ್ಮಕ್ಕ. ತಾಯಿ ತೀರಿಹೋದಾಗ ಭಾಗ್ಯ ಇನ್ನೂ ಚಿಕ್ಕವಳು, ಅಕ್ಕನೇ ಸಾಕಿದ್ದು. ಅಪ್ಪನೂ ಹೋದ ಮೇಲೆ ತವರು ಎಂದರೆ ಒಬ್ಬರಿಗೊಬ್ಬರೇ, ಅಣ್ಣತಮ್ಮಂದಿರಿಲ್ಲ. ಲಕ್ಷ್ಮಕ್ಕನ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಇಟ್ಟುಕೊಂಡಿದ್ದರು. ತವರಿನ ಕಡೆಯವರು ಸೀರೆ, ಬಳೆ, ಹಣ್ಣಿನ ತಟ್ಟೆ ಹೊತ್ತು ಬರಬೇಕು, ತಾಯಿ ಬಾಗಿಲಲ್ಲಿ ಆರತಿ ಹಿಡಿದು ಅವರನ್ನು ಎದುರುಗೊಳ್ಳಬೇಕು. ಆಮೇಲೆಯೇ ಮಗುವಿನ ಕಿವಿಗೆ ಸೂಜಿ. ಆವತ್ತು ಕಾರ್ಖಾನೆಗೆ ಹೊರಗಿನಿಂದ ಯಾರೋ ದೊಡ್ಡವರು ತಪಾಸಣೆಗೆ ಬರುತ್ತಾರೆಂದು ಎಲ್ಲರ ರಜೆಯನ್ನೂ ರದ್ದು ಮಾಡಿದ್ದರು. ಸಂಜೆಗೆ ಬಂದುಬಿಡುತ್ತೇನೆ ಎಂದು ಭಾಗ್ಯ ಫೋನು ಮಾಡಿದಳು. ಸಂಜೆಯೂ ಬಿಡಲಿಲ್ಲ. ಗಂಡನ ಮನೆಯವರೆಲ್ಲರ ಎದುರು ಲಕ್ಷ್ಮಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳಂತೆ. ಕಡೆಗೆ ಅವಳ ಅತ್ತೆ, "ಇವಳ ತವರಿಂದ ಯಾರೂ ಬರಾಕಿಲ್ಲ, ನೀವು ಚುಚ್ರಪ್ಪಾ," ಅಂದರಂತೆ.

"ಆಮ್ಯಾಲೆ ಹೋಗಿದ್ದೆ ಅಣ್ಣ, ಕಾಲಿಗೂ ಬಿದ್ದೆ," ಅಂದಳು ಭಾಗ್ಯ. "ಹೋದಾಗ್ಲೆಲ್ಲ ಮುದ್ದೆ ಇಕ್ತಾಳೆ, ಸಾರು ಬುಡ್ತಾಳೆ, ಒಂದು ಮಾತಾಡಾಕಿಲ್ಲ. ಒಂದೇ ಒಂದ್ಸಲ ಅಂದ್ಳು, 'ನಿಮ್ ಫ್ಯಾಕ್ಟ್ರಿ ಲೈನು ನಿಲ್ಬಾರ್ದು, ನಾನು ಮಾತ್ರ ತಲೆ ಬಗ್ಗಿಸ್ಕಂಡು ನಿಂತ್ಕಬೋದು' ಅಂತ. ಅಷ್ಟೇ. ನನ್ ಮಾತು ಕೇಳಾಕಿಲ್ಲ ಅಂದ್ರೆ ಹಾಡಾದ್ರೂ ಕೇಳ್ತಾಳೇನೋ ಅಂತ."

ಹಾಡುಗಳನ್ನು ಸಾವಿರಾರು ಜನರಿಗೆ ತಲುಪಿಸಿದವನು ನಾನು. ಒಬ್ಬರಿಗೇ ತಲುಪಬೇಕಾದ ಹಾಡು ನನ್ನ ಕೈಗೆ ಅದುವರೆಗೂ ಬಂದಿರಲಿಲ್ಲ.

ಬೆಂಗಳೂರಿನ ಒಂದು ಸಣ್ಣ ಆಡಿಯೋ ಕಂಪನಿಯವರು ಹಾಡನ್ನು ತಮ್ಮ ಚಾನೆಲ್ಲಿನಲ್ಲಿ ಬಿಡಲು ಒಪ್ಪಿದ್ದರು. ಬಿಡುಗಡೆಯ ದಿನ ನನ್ನ ಅಂಗಡಿಯಲ್ಲೇ ಮೂವರೂ ಫೋನು ಹಿಡಿದು ಕೂತೆವು. "ಅಣ್ಣೇ, ಬಂದ್ಬುಡ್ತು!" ಎಂದು ಸೆಲ್ವ ಕೂಗಿದ. ನೋಡಿದರೆ ಹಾಡಿನ ಮುಂದೆ ಒಂದು ಚಿತ್ರ. ಯಾರೋ ಗೊತ್ತಿಲ್ಲದ ಹುಡುಗ, ಯಾರೋ ಗೊತ್ತಿಲ್ಲದ ಹುಡುಗಿ, ಕೊಡೆಯಿಲ್ಲದೆ ಮಳೆಯಲ್ಲಿ ತಬ್ಬಿಕೊಂಡು ನಿಂತಿದ್ದಾರೆ. ಕೆಳಗೆ ಕೆಂಪಕ್ಷರದಲ್ಲಿ ಒಡೆದ ಹೃದಯ. ಫೋನು ಮಾಡಿ ಕೇಳಿದರೆ ಕಂಪನಿಯವನು ಬಹಳ ಪ್ರೀತಿಯಿಂದಲೇ ಹೇಳಿದ: "ಸರ್, ಅಕ್ಕ ಅಂತ ಹಾಕಿದ್ರೆ ಯಾರು ಒತ್ತುತಾರೆ?"

ಅವನ ಮಾತು ಸುಳ್ಳಾಗಲಿಲ್ಲ. ಜನ ಒತ್ತಿದರು. ಮತ್ತಿಗಿರಿಯ ಟೀ ಅಂಗಡಿಯಲ್ಲಿ ಹಾಡು, ಕಾರ್ಖಾನೆಯ ವ್ಯಾನಿನಲ್ಲಿ ಹಾಡು, ಹುಡುಗರ ಸ್ಟೇಟಸ್ಸಿನಲ್ಲಿ ಹಾಡು. ಹುಡುಗಿ ಕೈಕೊಟ್ಟವರು, ಕೈಕೊಡಬಹುದೆಂದು ಹೆದರಿದವರು, ಹುಡುಗಿಯೇ ಇಲ್ಲದವರು, ಎಲ್ಲರಿಗೂ ಅದು ತಮ್ಮದೇ ಕತೆ ಅನ್ನಿಸಿತು. ಕ್ಯಾಂಟೀನಿನಲ್ಲಿ ಭಾಗ್ಯಳನ್ನು ಹಾಡಿಸದೆ ಊಟಕ್ಕೆ ಬಿಡುತ್ತಿರಲಿಲ್ಲ. ಸೆಲ್ವ ಹೊಸ ಅಂಗಿ ಹೊಲಿಸಿಕೊಂಡ. ನಾನೂ ಒಳಗೊಳಗೇ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆದರೆ ರಾಯಕೋಟೆ ಕಡೆಗೆ ಹಾಡಿಗಿಂತ ಮೊದಲು ಹೋದದ್ದು ಆ ಚಿತ್ರ. ಯಾವನೋ ನೆಂಟ ಫೋನಿನಲ್ಲಿ ತೋರಿಸಿ, "ನಿನ್ ತಂಗಿ ಲವ್ ಸಾಂಗ್ ಹಾಡವ್ಳೆ ನೋಡಕ್ಕ, ಮಳೇಲಿ ತಬ್ಕಂಡು," ಅಂದನಂತೆ. ಲಕ್ಷ್ಮಕ್ಕ ಫೋನನ್ನು ಕೈಯಲ್ಲಿ ಮುಟ್ಟದೆ ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳಂತೆ. ಇದು ಭಾಗ್ಯಳ ಕಿವಿಗೆ ಬಿತ್ತು. ಅಂಗಡಿಗೆ ಬಂದವಳು ಸ್ಟೂಲಿನ ಮೇಲೆ ಕೂತು, "ಊರೆಲ್ಲ ಕೇಳ್ತೈತೆ ಅಣ್ಣ, ನಮ್ಮಕ್ಕ ಕೇಳ್ಲಿಲ್ಲ," ಎಂದು ಅತ್ತಳು. ನಾನು ಸಮಾಧಾನದ ಮಾತು ಹುಡುಕುತ್ತಾ, "ನಿಮ್ಮಕ್ಕ ಎಲ್ಲಾದ್ರೂ ಹೊರಗೆ ಹೋಗ್ತಾರಾ?" ಎಂದು ಕೇಳಿದೆ. ಬೆಳಗಿನ ರಾಯಕೋಟೆ ಬಸ್ಸಿನಲ್ಲಿ ಹೊಸೂರಿನ ಮಾರುಕಟ್ಟೆಗೆ ಹೂ ತರುತ್ತಾಳೆ ಅಂದಳು.

ಬಸ್ಸಿನಲ್ಲಿ ಚಿತ್ರವಿಲ್ಲ. ಬರೀ ಹಾಡು. ಎದ್ದು ಹೋಗಲು ಹಸುವೂ ಇಲ್ಲ.

ಮಾರನೇ ದಿನವೇ ಆ ಬಸ್ಸಿನ ಡ್ರೈವರ್ ಮುನಿರಾಜುವನ್ನು ಹಿಡಿದು ಮಾತಾಡುತ್ತೇನೆಂದು ಭಾಗ್ಯಳಿಗೆ ಹೇಳಿ ಕಳಿಸಿದೆ. ಸೆಲ್ವನಿಗೆ ಅಷ್ಟು ತಾಳ್ಮೆ ಎಲ್ಲಿ? ನನಗೆ ಹೇಳದೆ ಆವತ್ತೇ ಸಂಜೆ ಕಂಡಕ್ಟರನ ಕೈಯಿಂದ ಬಸ್ಸಿನ ಪೆನ್ ಡ್ರೈವ್ ಇಸಿದುಕೊಂಡು ಹಾಡು ತುಂಬಿಕೊಟ್ಟಿದ್ದಾನೆ. ತುಂಬಿದ್ದಲ್ಲದೆ, ಹೆಂಡತಿಯ ಹಾಡೆಂಬ ಹೆಮ್ಮೆಗೆ ಅದಕ್ಕೆ ಒಂದನೇ ನಂಬರ್ ಕೊಟ್ಟಿದ್ದಾನೆ. ಬೆಳಿಗ್ಗೆ ರಾಯಕೋಟೆಯಲ್ಲಿ ಮುನಿರಾಜು ನಿಂಬೆಹಣ್ಣು ಕಟ್ಟಿ, ಸ್ಟೇರಿಂಗಿಗೆ ಕೈಮುಗಿದು, ದೇವರ ಹಾಡಿಗೆಂದು ಗುಂಡಿ ಒತ್ತಿದರೆ, ಸಂಜೆಗೆ ಬರುತ್ತೇನೆಂದು ಹೇಳಿ ಬರಲೇ ಇಲ್ಲ ಎಂದು ಒಬ್ಬ ಹೆಂಗಸು ಮರುಗುತ್ತಿದ್ದಾಳೆ. ಲಕ್ಷ್ಮಕ್ಕ ಇನ್ನೂ ಬಸ್ಸು ಹತ್ತಿಯೂ ಇರಲಿಲ್ಲ, ಅವಳ ಊರು ಮುಂದಿನ ನಿಲ್ದಾಣ. ಮುನಿರಾಜು ಪೆನ್ ಡ್ರೈವ್ ಕಿತ್ತು ಟೂಲ್ಸ್ ಡಬ್ಬಿಗೆ ಎಸೆದ. ಸಾಲದೆಂಬಂತೆ ಉದ್ದನಪಲ್ಲಿ ದಾಟುವುದರೊಳಗೆ ಟಯರ್ ಪಂಕ್ಚರ್ ಆಯಿತು.

ಹೊಸೂರಿಗೆ ಬಂದವನೇ ನೇರ ನನ್ನ ಅಂಗಡಿಗೆ ನುಗ್ಗಿದ. ಬಸ್ ಸ್ಟ್ಯಾಂಡಿನಲ್ಲೇ ಸೆಲ್ವನೂ ಅವನ ಕೈಗೆ ಸಿಕ್ಕಿಬಿದ್ದಿದ್ದ.

"ಏನಣ್ಣ ನಿನ್ ಕೆಲ್ಸ? ಗಾಡಿ ಎತ್ತೋ ಹೊತ್ನಾಗೆ ಸಂಜೆಗೆ ಬತ್ತೀನಿ ಅಂದು ಬರ್ಲಿಲ್ಲ ಅಂತ ಹಾಡುಸ್ತೀಯಲ್ಲ! ನಂಗೆ ಮನೇಲಿ ಹೆಂಡ್ತಿ ಮಕ್ಳು ಇಲ್ವಾ? ಸಂಜೆಗೆ ನಾನ್ ಹೋಗ್ಬ್ಯಾಡ್ವಾ?"

ನಾನು ಸೆಲ್ವನ ಕಡೆ ತಿರುಗಿದೆ. "ನಿಮ್ ಆರ್ಕೆಸ್ಟ್ರಾದಾಗೂ ಮೊದ್ಲು ಗಣಪತಿ ಹಾಡೇ ಅಲ್ವೇನ್ಲಾ?"

"ಅದು ಸ್ಟೇಜು ಅಣ್ಣೇ, ಇದು ಬಸ್ಸು," ಅಂದ.

"ಸ್ಟೇಜ್ಗೆ ಪಂಕ್ಚರ್ ಆಗಾಕಿಲ್ಲ ಕಣ್ಲಾ! ಬಸ್ಗೇ ಆಗೋದು!" ಎಂದು ಮುನಿರಾಜು ಇನ್ನೊಂದು ಸುತ್ತು ಶುರು ಮಾಡಿದ. ಪಂಕ್ಚರಿಗೂ ಹಾಡಿಗೂ ಸಂಬಂಧವಿಲ್ಲ ಎಂದು ವಾದ ಮಾಡಬಹುದಿತ್ತು. ಡ್ರೈವರುಗಳೊಂದಿಗೆ ಅಂಥ ವಾದ ಮಾಡಿದವನು ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ನಡೆಸಲಾರ. ತೆಂಗಿನಕಾಯಿ ತರಿಸಿ, ನಾವೇ ಬಸ್ಸಿನ ಮುಂದಿನ ಗಾಲಿಗೆ ಒಡೆದೆವು. ಆಮೇಲೆ ಅವನನ್ನು ಕೂರಿಸಿ, ಟೀ ಕೊಟ್ಟು, ಕಿವಿ ಚುಚ್ಚಿದ ಕತೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಮುನಿರಾಜು ಟೀ ಲೋಟ ಕೆಳಗಿಟ್ಟ. "ಯಾರು, ನಮ್ ಹೂವಿನಕ್ಕನಾ? ಇಂಜಿನ್ ಪಕ್ಕ ಚೀಲ ಇಟ್ಕಂಡು ಕೂತ್ಕತಾರೆ. ದಿನಾ ಗಾಡಿ ದೇವ್ರಿಗೆ ಅಂತ ಒಂದು ಮೊಳ ಕನಕಾಂಬ್ರ ಕೊಡ್ತಾರೆ. ಅವ್ರಿಗೆ ತಂಗಿ ಇರೋದೇ ನಂಗೆ ಗೊತ್ತಿಲ್ಲ." ಮತ್ತೆ ಲೋಟ ಎತ್ತಿಕೊಂಡು, "ಹಾಕ್ಕೊಡಣ್ಣ. ಆದ್ರೆ ದೇವ್ರು ಮುಗೀಬೇಕು, ಉದ್ದನಪಲ್ಲಿ ದಾಟ್ಬೇಕು, ಅದಾದ್ ಮ್ಯಾಲೆ ಒಂದು ಮದ್ವೆ ಹಾಡು ಬರ್ಬೇಕು," ಅಂದ.

ಆ ಪೆನ್ ಡ್ರೈವ್ ತುಂಬಿದಷ್ಟು ಮನಸ್ಸಿಟ್ಟು ನಾನು ಯಾವುದನ್ನೂ ತುಂಬಿಲ್ಲ. ಉದ್ದನಪಲ್ಲಿ ದಾಟಿದ ಮೇಲಿನ ನೇರ ರಸ್ತೆಗೆ ಹಾಡು ಬರುವಂತೆ ಮುಂದಿನವುಗಳನ್ನು ಅಳೆದು ಕೂರಿಸಿದೆ. ಅದು ಮುಗಿದ ಮೇಲೆ, ಖಾದರ್ ಸಾಹೇಬರು ಹೇಳಿಕೊಟ್ಟ ಹಾಗೆ, ಸ್ವಲ್ಪ ಖಾಲಿ ಜಾಗ ಬಿಟ್ಟೆ. ಇಂಜಿನ್ ಪಕ್ಕದ ಸ್ಪೀಕರ್ ಯಾವತ್ತೋ ಕೆಟ್ಟುಹೋಗಿತ್ತು. ಬಸ್ಸು ನಿಂತಿದ್ದಾಗ ನಾನೇ ಹತ್ತಿ ಹೊಸದನ್ನು ಸಿಕ್ಕಿಸಿ, ಆ ಸೀಟಿನಲ್ಲಿ ಕೂತು ನೋಡಿದೆ. ಇಂಜಿನ್ ಸದ್ದಿನ ಮೇಲೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮೊದಲ ದಿನ ಮುನಿರಾಜು ಬಂದು ಹೇಳಿದ: "ಕೇಳಿದ್ರು. ಏನೂ ಅನ್ಲಿಲ್ಲ." ಎರಡನೇ ದಿನ: "ಹೂ ಕಟ್ತಾ ಇದ್ರಾ, ಕೈ ನಿಂತೋಯ್ತು ಅಣ್ಣ. ಹಾಡು ಮುಗಿದ್ ಮ್ಯಾಲೂ ಕಟ್ಲಿಲ್ಲ." ಭಾಗ್ಯ ಶಿಫ್ಟು ಮುಗಿದ ಕೂಡಲೇ ಫೋನು ಮಾಡಿ, "ಏನಾರಾ ಅಂದ್ಳಾ?" ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದು ಹೇಳುವುದು ನನ್ನಿಂದಾಗುತ್ತಿರಲಿಲ್ಲ, "ಕೇಳ್ತಾ ಅವ್ರೆ ಕಣಮ್ಮ," ಎನ್ನುತ್ತಿದ್ದೆ. ಕಂಪನಿಯವನು ಅತ್ತ ಎರಡನೇ ಹಾಡು ಯಾವಾಗ ಎಂದು ಅವಳ ಬೆನ್ನು ಬಿದ್ದಿದ್ದ. ಇವಳಿಗೆ ಅದು ತಲೆಗೇ ಹೋಗುತ್ತಿರಲಿಲ್ಲ.

ಅದೇ ವಾರ ಒಂದು ದಿನ, ಮಾರುಕಟ್ಟೆ ಮುಗಿಯುವ ಹೊತ್ತಿಗೆ, ಅಂಗಡಿ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಮಡಚಿದ ಖಾಲಿ ಚೀಲ, ಬೆರಳ ತುದಿಗೆ ಹೂವಿನ ಕೇಸರಿ ಬಣ್ಣ. ಯಾರೆಂದು ಹೇಳಬೇಕಾಗಲಿಲ್ಲ.

"ರಾಯಕೋಟೆ ಬಸ್ಗೆ ಹಾಡು ಹಾಕ್ಕೊಟ್ಟೋರು ನೀವೇನಣ್ಣ? ಡ್ರೈವರ್ ಹೇಳುದ್ರು."

"ನಾನೇ ಕಣಮ್ಮ, ಕೂತ್ಕಳಿ," ಅಂದೆ. ಅವಳು ಅಳಬಹುದು, ಅಥವಾ ಹಾಡು ತೆಗೆಯಿರಿ ಎಂದು ಜಗಳ ಆಡಬಹುದು. ಎರಡಕ್ಕೂ ತಯಾರಾಗಿ ಸ್ಟೂಲು ಮುಂದೆ ತಳ್ಳಿದೆ. ಅವಳು ಕೂರಲಿಲ್ಲ.

"ಅದನ್ನ ಇನ್ನೊಂದ್ ಕಿತ ಹಾಕ್ರಣ್ಣ. ಎರಡ್ನೇದು ಹಾಡ್ತಾಳಲ್ಲ, ಅಲ್ಲಿಂದ."

ಹಾಕಿದೆ. ಎರಡನೇ ಚರಣದ ನಡುವೆ ಅವಳು ಕೈ ಎತ್ತಿ ನಿಲ್ಲಿಸಿದಳು. "ಅಗೋ. ಕೇಳುಸ್ತಾ?"

ನನಗೆ ಏನೂ ಕೇಳಿಸಿರಲಿಲ್ಲ. ಆ ಜಾಗದಲ್ಲಿ ಭಾಗ್ಯಳ ದನಿ ಒಂದಿಷ್ಟು ತಡೆದು ಮುಂದೆ ಹೋಗುತ್ತದೆ, ಅಷ್ಟೇ. ಕಾರ್ಖಾನೆ ಹುಡುಗರು ಹುಚ್ಚೆದ್ದು ಹೊಗಳಿದ್ದು ಅದನ್ನೇ. ಏನು ಫೀಲಿಂಗ್, ಏನು ಪ್ರೀತಿ ಎಂದು ಫೋನಿನ ತುಂಬ ಬರೆದಿದ್ದರು.

"ಉಬ್ಬಸ ಅಣ್ಣ ಅದು," ಅಂದಳು ಲಕ್ಷ್ಮಕ್ಕ. "ಎಳೀತೈತೆ ನೋಡಿ. ಚಿಕ್ಕೋಳಿದ್ದಾಗ ಇತ್ತು. ಅವ್ವ ಹೋದ್ ಮ್ಯಾಲೆ ಎದೆ ಮ್ಯಾಲೆ ಒರಗಿಸ್ಕಂಡು ಕೂತ್ಕತಿದ್ದೆ, ಮಲಗಿಸಿದ್ರೆ ಉಸಿರು ಕಟ್ಬುಡೋದು. ದೊಡ್ಡೋಳಾದ್ ಮ್ಯಾಲೆ ಹೋಗ್ಬುಟ್ಟಿತ್ತು. ತಿರ್ಗಾ ಬಂದೈತೆ." ಅವಳ ದನಿ ಏರಿತು. "ಅವಳ ಗಂಡಂಗೆ ಕಿವಿ ಇಲ್ವಾ? ಮ್ಯೂಜಿಕ್ಕಿನವ್ನಂತೆ! ಇಷ್ಟು ಜನ ಕೇಳಿದ್ರಲ್ಲ, ಒಬ್ರಿಗಾದ್ರೂ ಗೊತ್ತಾಗ್ಲಿಲ್ವಾ?"

ನಾನು ಫೋನು ಕೈಗೆತ್ತಿಕೊಂಡೆ.

"ಭಾಗ್ಯಂಗೆ ಫೋನ್ ಮಾಡ್ಲಾ ತಾಯಿ? ಇವತ್ತು ಮನೇಲೇ ಅವಳೆ."

"ಫೋನ್ ಬ್ಯಾಡ. ಫೋನಾಗೆ ಕೇಳಿದ್ರೆ ಚೆನ್ನಾಗಿವ್ನಿ ಅಂತಾಳೆ, ಮೊದ್ಲಿಂದ್ಲೂ ಅಂಗೇ. ನಾನೇ ಹೋಯ್ತೀನಿ. ಮತ್ತಿಗಿರಿಯಾಗೆ ಎಲ್ಲಿ ಮನೆ?"

ಮನೆ ಗುರುತು ಹೇಳಿದೆ. ದಾರಿಯಲ್ಲಿದ್ದ ಗ್ರಂಧಿಗೆ ಅಂಗಡಿಯಲ್ಲಿ ಉಬ್ಬಸಕ್ಕೆಂದು ಹಿಪ್ಪಲಿ, ಶುಂಠಿ ಕಟ್ಟಿಸಿಕೊಂಡು ಅವಳು ಮತ್ತಿಗಿರಿಯ ಟೌನ್ ಬಸ್ಸು ಹತ್ತಿದ್ದನ್ನು ನಾನು ಸಂದಿಯ ಬಾಯಲ್ಲಿ ನಿಂತು ನೋಡಿದೆ. ಡ್ರೈವರ್ ಇನ್ನೂ ಟೀ ಕುಡಿಯುತ್ತಿದ್ದ. ಲಕ್ಷ್ಮಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬೇಗ ಎತ್ರಪ್ಪಾ ಗಾಡೀನ! ಅಲ್ಲಿ ನಮ್ ಹುಡುಗಿಗೆ ಹುಷಾರಿಲ್ಲ!" ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.